ಎರಡು ರೊಟ್ಟಿಯ ಮೇಲಿನ ಬಟ್ಟೆ

ಉಳ್ಳಾಲದ ಮೈಮೂನಮ್ಮನಿಗೆ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಜಿದ್ದಾದಲ್ಲಿ ಕಲಿತದ್ದು. ಊರಿನ ಮನೆಗೆ ಹಾವು ಹೊಕ್ಕರೆ ತಾನೇ ಕೋಲು ಹಿಡಿಯುತ್ತಿದ್ದವಳು, ಅಲ್ಲಿಯ ಅಜೀಜಿಯಾ ಬಡಾವಣೆಯ ಬಾಡಿಗೆ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ವಾಸದ ಪರವಾನಗಿ ಇಕಾಮಾ ಎಲ್ಲಿದೆಯೆಂದು ಹುಡುಕುತ್ತಿದ್ದಳು. ಅದಕ್ಕೆ ಅವಳು ಕಂಡುಕೊಂಡ ಮದ್ದು ಕ್ರೋಶಾ ಕಡ್ಡಿ. ನಮಾಜಿನ ಬಿಳಿ ಟೊಪ್ಪಿ ಹೆಣೆದು ಹೆಣೆದು ಬೆರಳು ಎಷ್ಟು ಪಳಗಿತ್ತೆಂದರೆ, ಯಾವ ಹೆಣಿಗೆಯನ್ನು ಎದುರಿಗಿಟ್ಟರೂ ಗಂಟು ಎಣಿಸಿ ಅಂಥದ್ದೇ ಇನ್ನೊಂದನ್ನು ಮಾಡಿಬಿಡುತ್ತಿದ್ದಳು. ಇದೇನು, ಯಾಕೆ ಎಂದು ಕೇಳುವ ಚಾಳಿ ಮಾತ್ರ ಇರಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಅನ್ನಿ.

ಬೈರೂತಿನ ಯುದ್ಧ ನಡೆದ ವರ್ಷ ಅದು. ಗಂಡ ಹಸನಬ್ಬ ಆಸ್ಪತ್ರೆಯೊಂದರ ವ್ಯಾನ್ ಓಡಿಸುತ್ತಿದ್ದ. ಅಲ್ಲಿಯ ಅಮೆರಿಕನ್ ಡಾಕ್ಟರ ಹೆಂಡತಿ ಹೆಲೆನ್ ಒಂದು ದಿನ ಮೈಮೂನಮ್ಮನ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಚೀಲದಿಂದ ಒಂದು ಹಳೆಯ ಬಟ್ಟೆ ತೆಗೆದರು. ಅವರ ಅಜ್ಜಿ ಕೈಯಾರೆ ಹೆಣೆದದ್ದು. ಅಂಚು ಜೀರ್ಣವಾಗಿತ್ತು. ನಡುವೆ ಆರು ಮೂಲೆಯ ನಕ್ಷತ್ರ, ಸುತ್ತ ಅರ್ಥವಾಗದ ಅಕ್ಷರ. ಇಂಥದ್ದೇ ಹೊಸದೊಂದು ಬೇಕು, ಶುಕ್ರವಾರ ಸಂಜೆ ಎರಡು ರೊಟ್ಟಿಯ ಮೇಲೆ ಮುಚ್ಚುವುದಕ್ಕೆ ಎಂದು ಹರಕು ಅರಬ್ಬಿಯಲ್ಲಿ ಹೇಳಿದರು. ಯಾರಿಗೂ ತೋರಿಸಬೇಡಿ ಎಂದೂ ಹೇಳಿದರು.

ಮೌಲೂದ್ ಓದಿಸುವ ದಿನ ನಾವೂ ತುಪ್ಪದನ್ನ ನೆಯ್ಚೋರಿನ ಪಾತ್ರೆಗೆ ಬಟ್ಟೆ ಮುಚ್ಚುತ್ತೇವಲ್ಲ, ಇದೂ ಹಾಗೇ ಎಂದುಕೊಂಡಳು ಮೈಮೂನಮ್ಮ. ಶುಕ್ರವಾರ ಅಂದ ಮೇಲೆ ಒಳ್ಳೆಯ ಕೆಲಸವೇ. ತೋರಿಸಬೇಡಿ ಅಂದದ್ದು, ತಮ್ಮ ಡಿಸೈನನ್ನು ಯಾರಾದರೂ ಕದ್ದಾರು ಎಂಬ ಹೊಟ್ಟೆಕಿಚ್ಚಿಗಿರಬೇಕು. ಎಂಥ ಬುದ್ಧಿ ನೋಡಿ!

ಹಸನಬ್ಬ ಆಸ್ಪತ್ರೆಯ ಸಾಮಾನು ತರಲು ತಬೂಕಿಗೆ ಹೋಗಿದ್ದಾಗ ಅವಳು ಹೆಣೆದು ಮುಗಿಸಿದಳು. ಉಳ್ಳಾಲದಲ್ಲಿ ಟೊಪ್ಪಿಗೆ ಮಾಡುವಂತೆ ಅನ್ನದ ಗಂಜಿಯಲ್ಲಿ ಅದ್ದಿ, ಹಲಗೆಗೆ ಸೂಜಿ ಚುಚ್ಚಿ ಎಳೆದು ಕಟ್ಟಿ, ತಾರಸಿಯ ಬಿಸಿಲಿಗಿಟ್ಟಳು. ಗಂಜಿ ಹಾಕಿದ್ದು ಬಿಸಿಲು ಕಾಣದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ತಾರಸಿಗೆ ಯಾರು ಬರುತ್ತಾರೆ?

ಸಂಜೆಯ ಅಸರ್ ನಮಾಜು ಕಳೆದು ಹಸನಬ್ಬ ಬಂದ. ಮೇಜಿನ ಮೇಲಿದ್ದ ಹೆಲೆನ್ ಅಜ್ಜಿಯ ಬಟ್ಟೆ ನೋಡಿ ಬಾಗಿಲಲ್ಲೇ ನಿಂತ.

"ಇದು ಎಲ್ಲಿಂದ ಬಂತು? ಇದು ಯಹೂದಿಗಳದ್ದು ಮಾರಾಯ್ತಿ. ಟಿ.ವಿ.ಯಲ್ಲಿ ಅವರ ಬಾವುಟ ನೋಡಲಿಲ್ವಾ ನೀನು? ಇದೇ ನಕ್ಷತ್ರ."

"ನಂಗೆಂತ ಗೊತ್ತು? ಅವರು ಕೊಟ್ಟದ್ದು, ನಾನು ಹೆಣೆದದ್ದು."

"ನೀನು ಹೆಣೆದದ್ದು ಎಲ್ಲುಂಟು?"

ಇಬ್ಬರೂ ತಾರಸಿಗೆ ಓಡಿದರು. ಧೂಳಿನ ಗಾಳಿ ಎದ್ದಿತ್ತು. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಮೇಲಿನ ಮನೆಯ ಮುದುಕಿ ಗಾಳಿ ಬಂತೆಂದು ಎಲ್ಲವನ್ನೂ ಒಳಗೆ ತೆಗೆದಿಟ್ಟದ್ದು ಅವಳ ಕಿಟಕಿಯಲ್ಲಿ ಕಂಡಿತು. ಆಕೆ ಮನೆ ಮಾಲೀಕ ಹಾಶಿಮನ ತಾಯಿ. ಹಾಶಿಮ್ ಪೊಲೀಸಿನವನು.

ಕೆಳಗೆ ಬಂದು ಹಸನಬ್ಬ ಚಿಲಕ ಹಾಕಿದ. "ಮಗನಿಗೆ ತೋರಿಸಿದರೆ ಮುಗೀತು. ನಮ್ಮದೂ ಮುಗೀತು, ಆ ಡಾಕ್ಟರ ಹೆಂಡತಿಯದ್ದೂ ಮುಗೀತು. ಈ ಹಳೆಯದ್ದು ಇಲ್ಲಿ ಸಿಕ್ಕಬಾರದು."

"ಸುಡುವುದಾ?"

"ಹೊಗೆ ಎಂತದ್ದು ಅಂತ ಕೇಳ್ಲಿಕ್ಕೆ ಜನ ಬರ್ತಾರೆ. ಬಿಚ್ಚು. ಬಿಚ್ಚಿದರೆ ಬರೀ ನೂಲು. ನೂಲಿಗೆ ಜಾತಿ ಉಂಟಾ?"

ಕ್ರೋಶಾ ಹೆಣಿಗೆ ಅಂದರೆ ಒಂದೇ ಎಳೆ. ಕೊನೆಯ ಗಂಟು ಬಿಡಿಸಿ ಎಳೆದರೆ ಸರಸರ ಬರುತ್ತದೆ. ಇದು ಬರಲಿಲ್ಲ. ಹಳೆಯ ನೂಲು ಗೇಣಿಗೊಮ್ಮೆ ತುಂಡಾಯಿತು. ಆ ಅಜ್ಜಿಯ ಕೈ ಬಿಗಿ. ಅವಳ ಒಂದೊಂದು ಗಂಟನ್ನೂ ಸೂಜಿಯಿಂದ ಕೀಳಬೇಕಾಯಿತು. ಕಾಣದ ಯಾವಳೋ ಹೆಂಗಸಿನ ಬೆರಳು ಮುರಿಯುತ್ತಿದ್ದೇನೆ ಅನ್ನಿಸಿ ಮೈಮೂನಮ್ಮನಿಗೆ ಅಳು ಬಂತು. ಆದರೂ ಕೈ ನಿಲ್ಲಿಸಲಿಲ್ಲ. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಇನ್ನೂ ಜೋರಾಗಿ ಕಿತ್ತಳು.

ಕೊನೆಯ ತುಂಡು ಬಿಚ್ಚುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಹಾಶಿಮನ ತಾಯಿ ಒಬ್ಬಳೇ ನಿಂತಿದ್ದಳು, ಅಬಾಯಾದ ಒಳಗೆ ಏನನ್ನೋ ಅವಚಿಕೊಂಡು. ಒಳಗೆ ಬಂದು ತೆಗೆದಳು: ಮೈಮೂನಮ್ಮ ಹೆಣೆದ ಬಟ್ಟೆ, ಚೆಂದವಾಗಿ ಮಡಚಿದ್ದು.

"ಮಗ ನೋಡಿಲ್ಲ," ಎಂದಳು ಮುದುಕಿ ಮೆಲ್ಲಗೆ. "ನಾನು ಸಣ್ಣವಳಿದ್ದಾಗ ನಮ್ಮೂರು ನಜ್ರಾನಿನಲ್ಲಿ ನಮ್ಮ ಪಕ್ಕದ ಮನೆಯವರೂ ಶುಕ್ರವಾರ ರೊಟ್ಟಿ ಮುಚ್ಚಿಡುತ್ತಿದ್ದರು. ನನಗೂ ಒಂದು ತುಂಡು ಕೊಡುತ್ತಿದ್ದರು. ಒಂದು ದಿನ ಎಲ್ಲ ಕಟ್ಟಿಕೊಂಡು ಹೋದರು. ಇನ್ನು ಇದನ್ನು ಮೇಲೆ ಒಣಗಿಸಬೇಡ, ಮಗಳೇ." ಆಮೇಲೆ ನೆಲದ ಮೇಲಿದ್ದ ನೂಲಿನ ರಾಶಿಯನ್ನು ನೋಡಿ, "ಅದೇನು?" ಎಂದಳು.

ಹಸನಬ್ಬ ಗೋಡೆಗೆ ಒರಗಿ ಕೂತುಬಿಟ್ಟ. ಮೈಮೂನಮ್ಮ ನೂಲನ್ನೆಲ್ಲ ಬಾಚಿ ಚೀಲಕ್ಕೆ ತುಂಬತೊಡಗಿದಳು.

ಹೆಲೆನ್ ಗುರುವಾರ ಬಂದರು. ಹೊಸ ಬಟ್ಟೆ ಬಿಡಿಸಿ ನೋಡಿ, ಅಂಚನ್ನು ಸವರಿ, ತುಂಬಾ ಚೆನ್ನಾಗಿದೆ ಎಂದರು. ಆಮೇಲೆ ಹಳೆಯದಕ್ಕಾಗಿ ಕೈ ಚಾಚಿದರು. ಸುಳ್ಳು ಹೇಳಬಹುದಿತ್ತು, ಇಲಿ ಕಡಿಯಿತು ಎನ್ನು ಎಂದು ಹಸನಬ್ಬ ಹೇಳಿಯೂ ಕೊಟ್ಟಿದ್ದ. ಮೈಮೂನಮ್ಮನ ಬಾಯಿಗೆ ಅದು ಬರಲಿಲ್ಲ. ತುಂಡು ನೂಲು ತುಂಬಿದ ಚೀಲವನ್ನು ಅವರ ಮಡಿಲಲ್ಲಿಟ್ಟು, "ನಾನೇ ಬಿಚ್ಚಿದೆ. ಹೆದರಿಕೆ ಆಯಿತು," ಎಂದಳು.

ಹೆಲೆನ್ ಚೀಲದೊಳಗೆ ಕೈ ಹಾಕಿ ಒಂದು ಎಳೆ ಎತ್ತಿದರು. ಅದನ್ನು ಬೆರಳಿಗೆ ಸುತ್ತಿಕೊಂಡರು. ಆದರೆ ಅಳುವುದಕ್ಕೆ ಮೊದಲು ಅವರು ಎದ್ದು ಹೋಗಿ, ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ನೋಡಿದರು.