ಸಾಲಿ ಅವ್ವನ ಉಡಿ

ತೆಂಗಿನಕಾಯಿ ಒಳಗೆ ಬಿಡುವುದಿಲ್ಲ ಎಂದಳು ಆ ಹುಡುಗಿ. ಕಪ್ಪು ಕೋಟು, ಕಿವಿಯಲ್ಲಿ ವೈರು, ಕೈಯಲ್ಲಿ ವಾಕಿಟಾಕಿ.

"ಆಂಟೀಜಿ, ಸೆಕ್ಯೂರಿಟಿ ಕಾ ಇಶ್ಯೂ ಹೈ."

"ನಾರಿಯಲ್ ಹೈ ಬೇಟಿ, ಬಾಂಬ್ ನಹೀ ಹೈ," ಎಂದೆ.

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನನ್ನ ಮೊಮ್ಮಗಳು ಪಲ್ಲವಿ ಮಾತ್ರ ನಗಲಿಲ್ಲ. "ಆಯಿ, ಪ್ಲೀಸ್. ಎಲ್ಲಾರೂ ನೋಡಾಕತ್ತಾರ," ಎಂದು ನನ್ನ ಸೆರಗು ಜಗ್ಗಿದಳು. ಕೊನೆಗೆ ಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಹಸಿರು ಕುಬಸದ ಕಣ ಎಲ್ಲ ಇದ್ದ ಚೀಲವನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋದೆವು.

ಇದು ನಡೆದದ್ದು ಗುಡಿಯಲ್ಲೂ ಅಲ್ಲ, ವಿಮಾನ ನಿಲ್ದಾಣದಲ್ಲೂ ಅಲ್ಲ. ಪವಾಯಿಯ ಒಂದು ದೊಡ್ಡ ಹೋಟೆಲಿನ ಬಾಗಿಲಲ್ಲಿ. ಅಲ್ಲಿ ಅವತ್ತು ಪಲ್ಲವಿಗೆ ಡಿಗ್ರಿ ಕೊಡುವವರಿದ್ದರು.

ನಮ್ಮ ಮನೆತನದಲ್ಲಿ ಡಿಗ್ರಿ ಇದೇ ಮೊದಲು. ನಾನು ಓದಿದ್ದು ನಾಲ್ಕನೇ ಇಯತ್ತೆ (ನಿಮಗದು ಗೊತ್ತೇ ಇದೆ, ನನ್ನ ಅಕ್ಷರ ಓದಿ ಓದಿ ಸಂಪಾದಕರ ಕನ್ನಡಕದ ನಂಬರು ಏರಿದೆ). ಅವಳು ಪಾಸಾದ ದಿನ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದೆ. ಇಸ್ತ್ರಿಯವನಿಗೆ, ಮೊಣಕಾಲು ನೋಡುವ ಡಾಕ್ಟರಿಗೆ, ನೀರಿನ ಜಗಳವಾದಾಗಿನಿಂದ ಮಾತು ಬಿಟ್ಟಿದ್ದ ಎದುರು ಮನೆಯವಳಿಗೂ ಕೊಟ್ಟೆ. ಈ ವಾರದ ಅಂಕಣದಲ್ಲಿ ಬರೀ ಪೇಢೆಯ ಬಗ್ಗೆ ಬರೆಯೋಣ ಎಂದೇ ಕೂತಿದ್ದೆ. ಸಿಟ್ಟು ಬಿಡಲಿಲ್ಲ.

ಡಿಗ್ರಿ ಕೊಡುವಲ್ಲಿ ತೆಂಗಿನಕಾಯಿ ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ.

ವಿಜಾಪುರದ ಕಡೆಯಿಂದ ಹೊಸ ಮದುಮಗಳಾಗಿ ಬಂದಾಗ ಭಾಯಖಳಾ ಸ್ಟೇಷನ್ನಿನ ಆಚೆಗಿನ ಒಂದು ಹಳೇ ಕಲ್ಲಿನ ಕಟ್ಟಡದ ರಿಪೇರಿಗೆ ನಾನು ಬುಟ್ಟಿ ಹೊತ್ತಿದ್ದೇನೆ. ಸರಕಾರಿ ವಿಶ್ವವಿದ್ಯಾಲಯದ ಕಟ್ಟಡ (ಯಾವುದು ಎಂದು ಬರೆಯುವುದಿಲ್ಲ, ಮೊಮ್ಮಗಳು ಮುಂದೆಯೂ ಅಲ್ಲೇ ಓದಬೇಕು). ಅದರ ದೊಡ್ಡ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಒಬ್ಬ ಹೆಂಗಸು ಕೂತಿದ್ದಾಳೆ. ತೊಡೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಒಂದು ಕೂಸು. ಕೂಸಿನ ತಲೆಯ ಮೇಲೆ ಅವಳ ಕೈ. ಯಾರು ಕೆತ್ತಿದರೋ, ಯಾರನ್ನು ನೆನೆದು ಕೆತ್ತಿದರೋ, ನಮಗೆ ಯಾರೂ ಹೇಳಲಿಲ್ಲ. ಬುಟ್ಟಿ ಹೊರುವ ನಮ್ಮ ಕಡೆಯ ಹೆಂಗಸರೆಲ್ಲ ಸೇರಿ ಹೆಸರಿಟ್ಟೆವು: ಸಾಲಿ ಅವ್ವ. ಸಾಲಿ ಅಂದರೆ ಶಾಲೆ.

ಶುಕ್ರವಾರ ಕೆಲಸ ಮುಗಿದ ಮೇಲೆ ನನ್ನ ಗೆಳತಿ ಶಾಂತವ್ವ ಬಿದಿರಿನ ಅಟ್ಟಣಿಗೆ ಹತ್ತಿ ಅವಳ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ಬಸುರಿಯರು ಕೆಳಗೆ ನಿಂತು ಬೇಡಿಕೊಳ್ಳುತ್ತಿದ್ದರು. "ನನ್ನ ಕೂಸು ಸಾಲಿ ಕಲೀಲಿ ಯವ್ವಾ, ನಿನಗ ಉಡಿ ತುಂಬತೀನಿ." ತವರಿಗೆ ಬಂದ ಮಗಳಿಗೆ, ಊರ ದೇವಿಗೆ ಸೆರಗಿನಲ್ಲಿ ಅಕ್ಕಿ, ಕಾಯಿ, ಕಣ ಹಾಕಿ ಉಡಿ ತುಂಬುವವರು ನಾವು. ತವರು ದೂರ, ದೇವಿ ದೂರ. ಹತ್ತಿರ ಇದ್ದವಳು ಇವಳೇ. ನಾನೂ ಬೇಡಿಕೊಂಡೆ. ಮಗ ಹತ್ತನೇ ಇಯತ್ತೆಗೇ ಪುಸ್ತಕ ಬಿಟ್ಟು ಗ್ಯಾರೇಜು ಸೇರಿದ. ಹರಕೆ ಹಾಗೇ ಉಳಿಯಿತು. ಬೇಡಿದ್ದು ಪಲ್ಲವಿಯಿಂದ ಕೈಗೂಡಿತು.

ಡಿಗ್ರಿಯನ್ನು ಆ ಕಲ್ಲಿನ ಕಟ್ಟಡದಲ್ಲೇ ಕೊಡುತ್ತಾರೆ ಎಂದುಕೊಂಡಿದ್ದೆ. ಮೊದಲೆಲ್ಲ ಅಲ್ಲೇ ಕೊಡುತ್ತಿದ್ದರು. ಈಗ ಅದು 'ಹೆರಿಟೇಜ್ ಕೆಲಸ'ಕ್ಕೆ ಮುಚ್ಚಿದೆಯಂತೆ. ಅದಕ್ಕೇ ಹೋಟೆಲು.

ಒಳಗೆ ಏನು ಝಗಮಗ! ದೊಡ್ಡ ಪರದೆ, ಹೊಗೆ, ಮದುವೆ ಆರ್ಕೆಸ್ಟ್ರಾದಂಥ ಸದ್ದು. ಪರದೆಯ ಮೇಲೆ ಒಂದು ನೀಲಿ ಗೀಟು ಬಂತು. ಗೀಟಿನ ಮೇಲೆ ಒಂದು ಕಿತ್ತಳೆ ಚುಕ್ಕೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ತಿಳಿಯಿತು, ಅದು ವಿಶ್ವವಿದ್ಯಾಲಯದ ಹೊಸ ಲೋಗೋ. ಒಬ್ಬ ಸಾಹೇಬರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಪಕ್ಕದ ಹುಡುಗನೊಬ್ಬನನ್ನು ಕೇಳಿದರೆ, "ಓಲ್ಡ್ ಹೆರಿಟೇಜ್ ಬಚಾಯೇಂಗೆ, ಔರ್ ಗ್ಲೋಬಲ್ ಬನೇಂಗೆ," ಎಂದ. ಹಳೆಯದನ್ನು ಉಳಿಸುತ್ತಾರಂತೆ, ಜಗತ್ತಿಗೇ ದೊಡ್ಡವರಾಗುತ್ತಾರಂತೆ.

ಪಲ್ಲವಿಯ ಹೆಸರು ಕೂಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದೆ (ಕಟ್ಟಡದ ಕೆಲಸದಲ್ಲಿ ಕಲಿತದ್ದು, ಇನ್ನೂ ಮರೆತಿಲ್ಲ). ಸಭೆಯೆಲ್ಲ ತಿರುಗಿತು. ತಿರುಗಲಿ! ನನ್ನ ಕೂಸು ಅಲ್ಲಿ ಕರೀ ಗೌನು ಹಾಕಿಕೊಂಡು ನಿಂತಿದ್ದಳು.

ಅವಳು ಕೆಳಗೆ ಬಂದು ಸರ್ಟಿಫಿಕೇಟು ಕೈಗಿತ್ತಳು. ನಾನು ಮೊದಲು ಹುಡುಕಿದ್ದು ಅವಳ ಹೆಸರನ್ನಲ್ಲ, ಅವ್ವನನ್ನು. ನಮ್ಮ ಡಾಕ್ಟರು ಅಲ್ಲೇ ಓದಿದವರು. ಅವರ ದವಾಖಾನೆಯ ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿ ನೆತ್ತಿಯ ಮೇಲೆಯೇ ಅವ್ವ ಇದ್ದಾಳೆ, ಪುಸ್ತಕ, ಕೂಸು ಸಮೇತ. ಮೊಣಕಾಲಿಗೆ ಸೂಜಿ ಚುಚ್ಚುವಾಗ ನಾನು ಅವಳನ್ನೇ ನೋಡುವುದು.

ಇಲ್ಲಿ ನೀಲಿ ಗೀಟು.

"ಅವ್ವ ಎಲ್ಲಿ?"

"ಆಯಿ, ಲೋಗೋ ಚೇಂಜ್ ಆಗೇತಿ. ಅದು ಓಲ್ಡ್ ಇತ್ತಂತ."

"ಓಲ್ಡ್ ಇದ್ರ ತೆಗದ ಬಿಡ್ತಾರ? ಹಂಗಾರ ನಾಳೆ ಮನ್ಯಾಗಿಂದ ನನ್ನೂ ತೆಗೀರಿ!"

ಸುಧಾರಣೆ ಬೇಡ ಎನ್ನುತ್ತಿಲ್ಲ. ಬೇಕೇ ಬೇಕು. ಈ ಹುಡುಗಿಯ ರಿಸಲ್ಟ್ ಬರುವಷ್ಟರಲ್ಲಿ ಸಿಕ್ಕಿದ್ದ ನೌಕರಿ ಇನ್ನೊಬ್ಬರ ಪಾಲಾಯಿತು. ಹಾಲ್ ಟಿಕೆಟ್ಟಿನಲ್ಲಿ ಯಾವನೋ ಮೀಸೆಯವನ ಫೋಟೋ ಬಂದಿತ್ತು. ಕಾಲೇಜಿನ ಹುಡುಗಿಯರ ಸಂಡಾಸಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಇದನ್ನೆಲ್ಲ ಸುಧಾರಿಸಬೇಡಿ ಎಂದು ಯಾರು ಅಡ್ಡ ಬಂದಿದ್ದರು? ಬದಲಾಯಿಸಲು ಕಂಡದ್ದು ಅವ್ವನ ಮುಖ ಒಂದೇ! ಒಂದು ಚಿಲಕ ಹಾಕಿಸಲಾರದವರು ಗ್ಲೋಬಲ್ ಆಗುವುದು ಹೇಗೆ?

"ನಡಿ," ಎಂದೆ.

"ಎಲ್ಲಿಗೆ ಆಯಿ?"

"ಅವ್ವನ ಕಡೆ. ಹರಕಿ ತೀರಸಬೇಕು."

ಬಾಗಿಲಲ್ಲಿ ಚೀಲ ತಿರುಗಿ ಇಸಿದುಕೊಂಡೆ. ಘಾಟ್ಕೋಪರಿನವರೆಗೆ ರಿಕ್ಷಾ, ಅಲ್ಲಿಂದ ಲೋಕಲ್. ಪಲ್ಲವಿಯ ಗೆಳತಿಯರು ಪಿಜ್ಜಾ ತಿನ್ನಲು ಹೋಗಿದ್ದರು. ಇವಳು ಗೌನು ಮರಳಿಸಿ, ಜರಿ ಸೀರೆಯಲ್ಲಿ, ತೆಂಗಿನಕಾಯಿ ಹಿಡಿದ ಮುದುಕಿಯ ಜೊತೆ ಲೇಡೀಸ್ ಡಬ್ಬಿಯಲ್ಲಿ ನಿಂತಿದ್ದಳು.

ಕಟ್ಟಡಕ್ಕೆ ಬಿದಿರು ಕಟ್ಟಿ ಹಸಿರು ಜಾಳಿ ಹೊದಿಸಿದ್ದರು. ಸರಿ, ರಿಪೇರಿ ನಡೆದಿದೆ, ಒಳ್ಳೆಯದೇ. ತಲೆಯೆತ್ತಿ ಬಾಗಿಲ ಮೇಲೆ ನೋಡಿದೆ. ಅವ್ವ ಇರಲಿಲ್ಲ. ಅಲ್ಲೊಂದು ಆಳೆತ್ತರದ ಬ್ಯಾನರ್. ನೀಲಿ ಗೀಟು, ಕಿತ್ತಳೆ ಚುಕ್ಕೆ, ಕೆಳಗೆ ಮರಾಠಿಯಲ್ಲಿ ದೊಡ್ಡ ಅಕ್ಷರ. ಪಲ್ಲವಿ ಓದಿ ಹೇಳಿದಳು: "ನಮ್ಮ ಪರಂಪರೆ, ನಮ್ಮ ಅಭಿಮಾನ."

ಅದರ ಹಗ್ಗವನ್ನು ಕಟ್ಟಿದ್ದು ಎಲ್ಲಿಗೆ ಗೊತ್ತೇ? ಬ್ಯಾನರಿನ ಅಂಚಿನಿಂದ ಹೊರಗೆ ಕಾಣುತ್ತಿದ್ದ ಆ ಕಲ್ಲಿನ ಕೂಸಿನ ಕೈಗೆ.

ವಾಚ್‌ಮನ್ ಬಂದ. ನಮ್ಮ ಮಾತು ಕೇಳಿ ಕನ್ನಡದಲ್ಲೇ ಹೇಳಿದ. ಇಂಡಿ ಕಡೆಯವನಂತೆ.

"ಒಳಗ ಬಿಡಂಗಿಲ್ರಿ ಯವ್ವಾ. ಹೆರಿಟೇಜ್ ಕೆಲಸ ನಡದೈತಿ."

"ಒಳಗ ಬ್ಯಾಡೋ ತಮ್ಮಾ. ಆ ಅರಿವಿ ಒಂದೀಟು ಸರಸು. ಅವ್ವನ ಮಾರಿ ನೋಡಿ ಇಲ್ಲೇ ಕೆಳಗ ಉಡಿ ಇಟ್ಟು ಹೋಗ್ತೀನಿ."

"ಬ್ಯಾನರ್ ಮುಟ್ಟಿದ್ರ ನನ್ನ ನೌಕರಿ ಹೋಗ್ತೈತ್ರಿ."

ಅವನ ಮೇಲೆ ಯಾಕೆ ಸಿಟ್ಟಾಗಲಿ? ಹಗ್ಗ ಕಟ್ಟಿಸಿದವರು ಹೋಟೆಲಿನಲ್ಲಿ ಊಟ ಮಾಡುತ್ತಿದ್ದರು.

ಆಗ ಪಲ್ಲವಿ ಒಂದು ಕೆಲಸ ಮಾಡಿದಳು. ಫುಟ್‌ಪಾತಿನ ಮೇಲೆ, ಅಷ್ಟು ಜನರ ನಡುವೆ, ನನ್ನ ಮುಂದೆ ಸೆರಗು ಚಾಚಿದಳು. "ಆಯಿ, ನನಗ ತುಂಬು. ಅವ್ವಗ... ಕ್ಯಾ ಬೋಲ್ತೇ ಹೈಂ... ಮುಟ್ಟತೈತಿ."

ಬೆಳಿಗ್ಗೆ ಕಾಯಿ ಕಂಡು ನಾಚಿದ್ದ ಹುಡುಗಿ! ಅವಳ ಮುಖ ಹಿಡಿದು ಮುದ್ದು ಕೊಟ್ಟೆ. ಒಂದು ಹಿಡಿ ಅಕ್ಕಿ ಅವಳ ಸೆರಗಿಗೆ ಹಾಕಿದೆ. ಕಾಯಿ ಹಾಕಲಿಲ್ಲ.

"ಕಾಯಿ ಅಕೀದು," ಎಂದೆ. "ಅಕೀನ ಮಾರಿ ನೋಡೇ ಕೊಡಾಕಿ ನಾ."

ಪಲ್ಲವಿ ವಿಶ್ವವಿದ್ಯಾಲಯಕ್ಕೆ ಈಮೇಲ್ ಹಾಕಿದ್ದಾಳೆ. ಮರುದಿನವೇ ಉತ್ತರ ಬಂತು: ಸಲಹೆಗೆ ಧನ್ಯವಾದಗಳು. ಕೆಳಗೆ ನೀಲಿ ಗೀಟು.

ಕಾಯಿ ನಮ್ಮ ದೇವರ ಮಾಡದಲ್ಲಿದೆ. ದಿನಾ ಬೆಳಿಗ್ಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಒಳಗೆ ನೀರಿನ ಸದ್ದು ಇನ್ನೂ ಇದೆ.

ಅದು ಆರುವುದರೊಳಗೆ ಆ ಹಗ್ಗ ಬಿಚ್ಚುತ್ತೀರಾ, ಸಾಹೇಬರೇ?