ಎಚ್ಚರಿಕೆಗೊಂದು ಫೋಟೋ

ಗಂಗೊಳ್ಳಿಯ ಸುಗುಣಳಿಗೆ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಕಟಣೆ ಬರೆಯುವ ಗುತ್ತಿಗೆ ಕೆಲಸ. ಕಡಲ ಮಗ್ಗುಲಲ್ಲೇ ಬೆಳೆದವಳಿಗೆ ನೀರೆಂದರೆ ಹೆದರಿಕೆಯಿಲ್ಲ. ಫೋಟೋ ಎಂದರೆ ಮಾತ್ರ ಮೈ ಉರಿಯುತ್ತದೆ. ಶೌಚಾಲಯದ ಉದ್ಘಾಟನೆಯಿರಲಿ, ನಾಯಿಗೆ ಚುಚ್ಚುಮದ್ದಿರಲಿ, ಮಂತ್ರಿಗಳು ಕೈಮುಗಿದ ಫೋಟೋ ಇಲ್ಲದೆ ಒಂದಕ್ಷರ ಹೊರಬೀಳುವಂತಿಲ್ಲ. ಹಾಗೆಂದು ಕಾನೂನೇನೂ ಇಲ್ಲ. ಬೆಂಗಳೂರಿನಲ್ಲಿ ಕೂತ, ಮಂತ್ರಿಗಳ ಮಾಧ್ಯಮ ಸಲಹೆಗಾರ ರಂಜನ್ ಇದ್ದಾನೆ, ಅಷ್ಟೇ ಸಾಕು.

ಅವತ್ತು ಹವಾಮಾನದ ಸೂಚನೆ ಬಂದದ್ದೇ ಸುಗುಣ ಎರಡು ಸಾಲು ಗೀಚಿದಳು: ನಾಳೆ ದೋಣಿ ಇಳಿಸಬೇಡಿ, ಭಾರೀ ಗಾಳಿಯಿದೆ.

ಮೇಲಧಿಕಾರಿ ಶೇಖರ ಓದಿ, "ಅಡ್ಡಿಲ್ಲೆ. ರಂಜನ್ರಿಗೆ ಒಂದ್ಸಲ ತೋರ್ಸಿ" ಎಂದರು. ನಿವೃತ್ತಿ ಹತ್ತಿರವಿದ್ದ ಅವರು ಯಾರಿಗೂ ಯಾವುದಕ್ಕೂ ಇಲ್ಲ ಎಂದವರಲ್ಲ.

"ಬರೀ ಹೆದರಿಸೋ ಹಾಗಿದೆ ಮೇಡಂ" ಎಂದ ರಂಜನ್, ತಾನೇ ತಿದ್ದಿ ಸಂಜೆಗೆ ಕಳಿಸಿದ. ನಡುವೆ ಮಂತ್ರಿಗಳು, ಹಿಂದೆ ಶಾಂತ ಕಡಲು, ತಲೆಯ ಮೇಲೆ 'ಮೀನುಗಾರರ ಹಿತವೇ ನಮ್ಮ ಹಿತ'. ಎಚ್ಚರಿಕೆ ಮಂತ್ರಿಗಳ ಪಾದದ ಹತ್ತಿರ ಇರುವೆ ಸಾಲಿನಂತೆ ಇತ್ತು. ಸುಗುಣಳಿಗೆ ತಲೆ ಚಿಟ್ಟುಹಿಡಿಯಿತು. ಆದರೂ ಮೀನುಗಾರರ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿ, ನಾಡದೋಣಿಯಲ್ಲಿ ಮೀನು ಹಿಡಿಯುವ ಅಣ್ಣ ಗುರುವನಿಗೆ ಬೇರೆಯಾಗಿಯೇ ಕಳಿಸಿದಳು. ನೀಲಿ ಗೆರೆ ಬಿದ್ದದ್ದು ಕಂಡು, ಸದ್ಯ ನೋಡಿದನಲ್ಲ ಎಂದು ಸುಮ್ಮನಾದಳು.

ಮರುದಿನ ನದಿ ಕಡಲು ಸೇರುವ ಅಳಿವೆಯಲ್ಲಿ ಗುರುವನ ದೋಣಿ ಮಗುಚಿತು. ಜೊತೆಯವರು ಈಜಿ ದಡ ಸೇರಿದರು. ಕೈ ಮುರಿದುಕೊಂಡ ಗುರುವನನ್ನು ಕುಂದಾಪುರದ ಆಸ್ಪತ್ರೆಗೆ ತಂದರು.

"ಅಣ್ಣ, ನಾನ್ ಕಳ್ಸಿದ್ ಓದ್ಲಿಲ್ಯಾ?"

"ಕಂಡೆ ಹೆಣೆ. ಸಾಹೇಬ್ರ್ ಕೈ ಮುಗ್ದ್ಕಂಡ್ ನಿಂತಿದ್ರ್. ಎಂತದೋ ಹಬ್ಬದ್ ಶುಭಾಶಯ ಅಂದೇಳಿ ಬಿಟ್ಟೆ. ದಿನಾ ಬತ್ತ್ ಅಲ್ದಾ ಅದ್."

ಸುಗುಣಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ರಂಜನ್ ಮೇಲೆ, ಶೇಖರರ ಮೇಲೆ, ಒಂದು ಫೋನು ಮಾಡದ ತನ್ನ ಮೇಲೆ. ಅಷ್ಟರಲ್ಲಿ ರಂಜನ್‌ನದೇ ಕರೆ.

"ಮೇಡಂ, ಸಾಹೇಬರು ಆಸ್ಪತ್ರೆಗೆ ಬರ್ತಿದ್ದಾರೆ. ಅವರ ಸಕಾಲಿಕ ಎಚ್ಚರಿಕೆಯಿಂದ ಜೀವಹಾನಿ ತಪ್ಪಿತು ಅಂತ ಒಂದು ಪ್ರಕಟಣೆ ಬರೆದಿಡಿ. ಗಾಯಾಳು ಜೊತೆ ಒಂದು ಫೋಟೋ."

"ಗಾಯಾಳು ನನ್ನ ಅಣ್ಣ."

"ಹೌದಾ? ಒಳ್ಳೇದೇ ಆಯ್ತು. ಸ್ವಲ್ಪ ನಗೋಕೆ ಹೇಳಿ ಮೇಡಂ."

ಸುಗುಣ ಫೋನು ಕಟ್ ಮಾಡಿದಳು. ಗುತ್ತಿಗೆ ಹೋದರೆ ಹೋಗಲಿ ಎಂದುಕೊಂಡು ವಾರ್ಡಿನ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನುಕೊಟ್ಟು ನಿಂತಳು.