ನಲವತ್ತು ಪುಸ್ತಕ, ಒಂದೇ ಕಥೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಹಿಂಬದಿಯ ಸಾಮಾನು ಕೋಣೆಯಲ್ಲಿ ಒಂದು ಬಲ್ಬು ಉರಿಯುತ್ತಿದೆ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದಾರೆ. ಅವುಗಳ ನಡುವೆ ಉಳಿದ ಜಾಗದಲ್ಲಿ ಒಂದು ಚಾಪೆ. ಚಾಪೆಯ ಮೇಲೆ ಇಸ್ತ್ರಿ ಅಂಗಡಿಯವನ ಮಗಳು ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಜೋರಾಗಿ ಓದುತ್ತಿದ್ದಾಳೆ. ಎದುರಿಗೆ ಕೂತ ಹೆಂಗಸು ಅವಳ ಬೆರಳು ಸಾಲಿನ ಮೇಲೆ ಸರಿಯುವುದನ್ನೇ ನೋಡುತ್ತಿದ್ದಾರೆ. ಶಾಲೆಯ ಕಾಗದಪತ್ರಗಳಲ್ಲಿ ಅವರು ‘ಓದು ಸಹಾಯಕಿ’. ಮಕ್ಕಳ ಬಾಯಲ್ಲಿ ಓದಕ್ಕ.

“ಗಾಳಿ ಬೀಸಿತು. ಆನೆಯ ಕೊಡೆ ಹಾರಿಹೋಯಿತು.” ಹುಡುಗಿ ಹಾಳೆ ತಿರುವುತ್ತಾಳೆ. “ಕೊಡೆ ಮರದ ಮೇಲೆ ಬಿತ್ತು. ಅಳಿಲು ಕೊಡೆಯೊಳಗೆ ಮನೆ ಮಾಡಿತು.”

ಓದಕ್ಕ ಪುಟದ ಮೇಲೆ ಬಾಗುತ್ತಾರೆ. ಈ ಪ್ರತಿಗೆ ಯಾರೋ ಗೋಂದು ಚೆಲ್ಲಿದ್ದಾರೆ. ನಡುವಿನ ಎರಡು ಹಾಳೆ ಅಂಟಿಕೊಂಡುಬಿಟ್ಟಿವೆ. ಮರ, ಅಳಿಲು ಎಲ್ಲ ಒಳಗೇ ಸಿಕ್ಕಿಕೊಂಡಿವೆ. ಹುಡುಗಿಯ ಬೆರಳು ಓಡುತ್ತಿರುವುದು ಆನೆ ಮಳೆಯಲ್ಲಿ ನೆನೆದು ಸೀನುವ ಪುಟದ ಮೇಲೆ.

“ಪುಟ್ಟೀ, ಅಳಿಲು ಎಲ್ಲಿದೆ ತೋರಿಸು?”

ಹುಡುಗಿ ಪುಟವನ್ನು ಮೇಲಿಂದ ಕೆಳಗೆ ಹುಡುಕುತ್ತಾಳೆ. “ಇಲ್ಲೇ ಇತ್ತಲ್ಲ ಓದಕ್ಕಾ... ಎಲ್ಲಿ ಹೋಯ್ತು?”

ಅಷ್ಟರಲ್ಲಿ ಇನ್ನಿಬ್ಬರು ಮಕ್ಕಳು ಬರುತ್ತಾರೆ. ಓದಕ್ಕ ಅವರಿಗೆ ಬೇರೆ ಪ್ರತಿ ಕೊಟ್ಟು, ಕಥೆಯ ನಡುವಿನ ಒಂದು ಪದದ ಮೇಲೆ ಬೆರಳಿಡುತ್ತಾರೆ. ಬರೀ ‘ಸಂತೆ’ ಎಂದಿದೆ. ಇಬ್ಬರೂ ಪದವನ್ನು ನೋಡುವುದೇ ಇಲ್ಲ; ಕಣ್ಣು ಮುಚ್ಚಿ “ಒಂದೂರಲ್ಲಿ ಒಂದು ಆನೆ” ಎಂದು ಮೊದಲಿನಿಂದ ಗುನುಗುತ್ತ ಬಂದು, ಜಾಗ ಸಿಕ್ಕ ಮೇಲೆ “ಸಂತೆ!” ಎನ್ನುತ್ತಾರೆ. ಮುಖದಲ್ಲಿ ಗೆದ್ದ ಖುಷಿ. ಓದಕ್ಕ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚುತ್ತಾರೆ. ಮಕ್ಕಳ ಓದನ್ನು ಅಳೆಯಲು ಮೇಲಿನ ಕಚೇರಿಯಿಂದ ಮೇಡಂ ಬರುವುದು ಇವತ್ತೇ.

ಈ ಶಾಲೆಗೆ ಹೋದ ವರ್ಷ ವಿಶೇಷ ಅನುದಾನ ಬಂತು. ಸೋರುತ್ತಿದ್ದ ಸೂರು ರಿಪೇರಿಯಾಯಿತು, ಬೆಂಚುಗಳು ಬಂದವು, ಮುಟ್ಟಿದರೆ ಬೆಳಗುವ ದೊಡ್ಡ ಬೋರ್ಡು ಬಂತು, ಕಂಪ್ಯೂಟರ್‌ಗಳು ಬಂದವು. ಅವುಗಳಲ್ಲಿ ಅರ್ಧ ಇನ್ನೂ ಪೆಟ್ಟಿಗೆ ಬಿಟ್ಟು ಹೊರಬಂದಿಲ್ಲ. ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಒಂದು ತಾತ್ಕಾಲಿಕ ಹುದ್ದೆಯೂ ಬಂತು. ಹಣವೇನೋ ಬಂದಿದೆ, ಓದು ಬಂದಿದೆಯೇ ಎಂಬುದಷ್ಟೇ ಮೇಡಂ ನೋಡಬೇಕಾದದ್ದು. ಬಂದಿಲ್ಲ ಎಂದಾದರೆ ಪೆಟ್ಟಿಗೆಗಳನ್ನು ಯಾರೂ ವಾಪಸು ಒಯ್ಯುವುದಿಲ್ಲ, ಹೋಗುವುದು ಹುದ್ದೆ.

ಹುದ್ದೆ ಹೋದರೆ ಏನಾಗುತ್ತದೆ ಎಂಬುದು ಓದಕ್ಕನಿಗೆ ಬಾಯಿಬಿಟ್ಟು ಹೇಳಬೇಕಿಲ್ಲ. ಕಾಲೇಜಿನ ಎರಡನೇ ವರ್ಷಕ್ಕೆ ಓದು ನಿಂತಿತ್ತು. ಆಮೇಲೆ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಬಿಚ್ಚಿ ಹಾಕಿದ್ದನ್ನು ಮಡಚಿಡುವ ಕೆಲಸ. “ದಿನಾ ಅದೇ ಸೀರೆ, ಅದೇ ಮಡಿಕೆ. ನಿಂತೂ ನಿಂತೂ ಕಾಲು ಬಾತುಕೊಳ್ಳೋದು,” ಎನ್ನುತ್ತಾರೆ. ಗಂಡನ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುತ್ತಿರುವುದು ಈ ಸಂಬಳದಲ್ಲೇ. ಐದಕ್ಕೆ ಮೊದಲೇ ಏಳುತ್ತಾರೆ. ಅಪ್ಪ-ಅಮ್ಮ ಬೇಗ ಕೆಲಸಕ್ಕೆ ಹೋಗುವ ಮಕ್ಕಳು ಬೆಳಕು ಹರಿಯುವ ಹೊತ್ತಿಗೇ ಬಾಗಿಲಲ್ಲಿರುತ್ತಾರೆ. ಸಂಜೆ ಕೊನೆಯ ಗುಂಪು ಎದ್ದಾಗ ಗಂಟಲು ಕಟ್ಟಿರುತ್ತದೆ. ಒಟ್ಟು ನಲವತ್ತು ಮಕ್ಕಳು.

ಪುಸ್ತಕವೂ ನಲವತ್ತು. ಕೊಳ್ಳುವ ಮೊದಲು ಮುಖ್ಯ ಮೇಷ್ಟ್ರು ಇವರನ್ನು ಕರೆದು ಕೇಳಿದ್ದರು, ಯಾವ್ಯಾವ ಪುಸ್ತಕ ಬೇಕಮ್ಮ ಎಂದು. “ಎಲ್ಲಾ ಒಂದೇ ಇರಲಿ ಸರ್. ಬೇರೆ ಬೇರೆ ಕೊಟ್ರೆ ನಂಗದು ಬೇಕು, ನಂಗಿದು ಬೇಕು ಅಂತ ಕಿತ್ತಾಡ್ತವೆ,” ಅಂದವರು ಇವರೇ. ಬಣ್ಣದ ಚಿತ್ರದ ಆನೆಯ ಕಥೆಯ ನಲವತ್ತು ಪ್ರತಿ ಬಂದವು. ಜಗಳ ಆಗಲಿಲ್ಲ. ತಿಂಗಳುಗಟ್ಟಲೆ ಆನೆ ಸಂತೆಗೆ ಹೋಯಿತು, ಕೊಡೆ ಕೊಂಡಿತು, ಕಳೆದುಕೊಂಡಿತು.

ಎಚ್ಚರಿಕೆ ಮನೆಯಲ್ಲೇ ಸಿಕ್ಕಿತ್ತು. ಓದಕ್ಕ ನಿದ್ದೆಯಲ್ಲೂ ಪಾಠ ಬಡಬಡಿಸುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅತ್ತೆ ಒಂದು ಬೆಳಿಗ್ಗೆ ಟೀ ಕುಡಿಯುತ್ತ ಇಡೀ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದರು. “ನೋಡೇ, ನಾನೂ ಪಾಸು! ನಿಮ್ಮ ಮೇಷ್ಟ್ರಿಗೆ ಹೇಳಿ ನಂಗೂ ಒಂದು ಬೆಂಚು ಹಾಕಿಸು.” ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಓದಕ್ಕನೂ ನಕ್ಕಿದ್ದರು.

ಮುಖ್ಯ ಮೇಷ್ಟ್ರು ಗೇಟಿನೊಳಗೆ ಬರುತ್ತಿದ್ದಂತೆಯೇ ಓದಕ್ಕ ಓಡಿ ಹೋಗಿ ವಿಷಯ ಹೇಳುತ್ತಾರೆ. ಮೇಷ್ಟ್ರು ಒಗೆದ ಅಂಗಿ ಹಾಕಿಕೊಂಡು, ಸಲ ಸಲಕ್ಕೂ ಕಾಲರ್ ಮುಟ್ಟಿಕೊಳ್ಳುತ್ತಿದ್ದಾರೆ.

“ಸರ್, ಮಕ್ಕಳು ಓದ್ತಾ ಇಲ್ಲ. ಒಪ್ಪಿಸ್ತಾ ಇದಾರೆ.”

“ಎರಡಕ್ಕೂ ಏನಮ್ಮ ವ್ಯತ್ಯಾಸ ಇವತ್ತು? ಮೇಡಂಗೆ ಕೇಳಿಸೋದು ಒಂದೇ ಥರ.”

“ಬೇರೆ ಪುಸ್ತಕ ಕೊಟ್ರೆ?”

“ಅವರ ಕೈಗೆ ಪುಸ್ತಕ ಕೊಡೋನು ನಾನು.” ಮೇಷ್ಟ್ರು ದನಿ ತಗ್ಗಿಸುತ್ತಾರೆ. “ಮುಂದಿನ ವರ್ಷದ ಹಣವೂ ಇದರ ಮೇಲೇ ನಿಂತಿದೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ತಾಯಿ, ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ.”

ಮೇಷ್ಟ್ರು ಕೆಟ್ಟವರಲ್ಲ. ಸೂರು ಸೋರುತ್ತಿದ್ದ ಕಾಲದಲ್ಲಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು. ಅವರಿಗೂ ಹೆದರಿಕೆ ಇದೆ.

ಮೇಡಂ ಬರುತ್ತಾರೆ. ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಬೆಳಗುವ ಬೋರ್ಡು ನೋಡುತ್ತಾರೆ, ಬೆಂಚು ಮುಟ್ಟುತ್ತಾರೆ. ಕೊನೆಗೆ ಸಾಮಾನು ಕೋಣೆಗೆ ಬಂದು ಚಾಪೆಯ ತುದಿಯಲ್ಲಿ ಕುಳಿತುಕೊಳ್ಳುತ್ತಾರೆ. ಮೇಷ್ಟ್ರು ಆನೆಯ ಕಥೆಯನ್ನು ಕೈಗಿಡುತ್ತಾರೆ. ಮೊದಲನೆಯ ಹುಡುಗ ನೀರು ಕುಡಿದಂತೆ ಓದುತ್ತಾನೆ. ಎರಡನೆಯವಳೂ. ಮೇಡಂ ಮುಖ ಸಡಿಲವಾಗುತ್ತದೆ. “ಪರವಾಗಿಲ್ವೇ!” ಮೇಷ್ಟ್ರ ಕೈ ಕಾಲರ್ ಬಿಟ್ಟು ಕೆಳಗಿಳಿಯುತ್ತದೆ.

ಓದಕ್ಕ ಮೂಲೆಯಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾರೆ, ಬಿಚ್ಚುತ್ತಿದ್ದಾರೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕು. ಮೂರನೆಯದಾಗಿ ಇಸ್ತ್ರಿಯವನ ಮಗಳು ಪುಸ್ತಕಕ್ಕೆ ಕೈ ಚಾಚುತ್ತಾಳೆ. ಬೆಳಗಿನಿಂದ ಅವಳಿಗೊಂದು ಅನುಮಾನ ಹೊಕ್ಕಿದೆ. ಓದಲು ಶುರು ಮಾಡದೆ ಹಾಳೆ ಹಾಳೆ ತಿರುವಿ ಅಳಿಲನ್ನು ಹುಡುಕುತ್ತಾಳೆ. ಈ ಪ್ರತಿಯಲ್ಲಿ ಹಾಳೆ ಅಂಟಿಲ್ಲ, ಅಳಿಲಿನ ಚಿತ್ರ ಸಿಗುತ್ತದೆ. “ಓದಕ್ಕಾ, ಇಲ್ಲಿದೆ! ಇದೇನಾ ‘ಅಳಿಲು’ ಅಂತ ಬರೆದಿರೋದು?” ಎಂದು ತಪ್ಪು ಪದದ ಮೇಲೆ ಬೆರಳಿಟ್ಟು ಕೇಳುತ್ತಾಳೆ.

ಮೇಷ್ಟ್ರು ಕೆಮ್ಮುತ್ತಾರೆ.

“ಮೇಡಂ, ಬೇರೆ ಏನಾದ್ರೂ ಓದಿಸಿ,” ಎನ್ನುತ್ತಾರೆ ಓದಕ್ಕ. ದನಿ ಅವರದ್ದೇ ಎಂದು ಅವರಿಗೇ ಅನಿಸುವುದಿಲ್ಲ. “ಇದು ಇವಕ್ಕೆ ಬಾಯಿಪಾಠ ಆಗಿಬಿಟ್ಟಿದೆ. ತಪ್ಪು ನಂದು. ಎಲ್ಲರಿಗೂ ಒಂದೇ ಪುಸ್ತಕ ಸಾಕು ಅಂದೋಳು ನಾನೇ.”

ಕೋಣೆಯಲ್ಲಿ ಬೇರೆ ಪುಸ್ತಕವಿಲ್ಲ. ಮೇಡಂ ಸುತ್ತ ನೋಡಿ, ಹುಡುಗಿಯ ಬೆನ್ನ ಹಿಂದಿದ್ದ ಕಂಪ್ಯೂಟರ್ ಪೆಟ್ಟಿಗೆಯನ್ನು ತೋರಿಸುತ್ತಾರೆ. ಅದರ ಮೇಲೆ ಕೆಂಪು ಅಕ್ಷರದ ಸಾಲೊಂದಿದೆ. ಹುಡುಗಿ ತಿರುಗಿ ಕೂರುತ್ತಾಳೆ. ಗುನುಗಲು ಹಿಂದಿನ ಕಥೆಯಿಲ್ಲ, ಊಹಿಸಲು ಚಿತ್ರವಿಲ್ಲ. “ಜೋ...” ಎಂದು ನಿಲ್ಲುತ್ತಾಳೆ. ಓದಕ್ಕನ ತುಟಿ ತಾನಾಗಿಯೇ ಅಲುಗುತ್ತದೆ. ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. “ಜೋ... ಪಾ... ನ. ಒ... ಒಡೆ... ಯು...” ಹಣೆ ಬೆವರುತ್ತದೆ. ಸಾಲು ಮುಗಿಯುವುದಿಲ್ಲ. ಆದರೆ ಆ ಒಂದೂವರೆ ಪದ ಅವಳದ್ದೇ.

ಅವಳ ನಂತರ ಪೆಟ್ಟಿಗೆಯ ಮುಂದೆ ಕೂತ ಮಕ್ಕಳಲ್ಲಿ ಕೆಲವರು ಅಷ್ಟೂ ಓದುವುದಿಲ್ಲ. ಒಬ್ಬ ಅಳುತ್ತಾನೆ. ಮೇಡಂ ಬರೆದುಕೊಂಡು ಹೋಗುತ್ತಾರೆ, ಟೀ ಕೂಡ ಕುಡಿಯದೆ.

ಆಮೇಲಿನ ದಿನಗಳಲ್ಲಿ ಮೇಷ್ಟ್ರು ಓದಕ್ಕನ ಮುಖ ನೋಡಿ ಮಾತಾಡಲಿಲ್ಲ. ಮನೆಯಲ್ಲಿ ಫೋನು ರಿಂಗಾದರೆ ಸಾಕು, ಓದಕ್ಕ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡುತ್ತಿದ್ದರು. “ಬಟ್ಟೆ ಅಂಗಡಿಯವರ ನಂಬರು ಹುಡುಕಿಟ್ಟುಕೊಂಡಿದ್ದೆ,” ಎನ್ನುತ್ತಾರೆ. ಅತ್ತೆಯೂ ಆನೆಯ ಸುದ್ದಿ ಎತ್ತಲಿಲ್ಲ. ಆದರೆ ದಿನಾ ಬೆಳಿಗ್ಗೆ ಬಲ್ಬು ಉರಿಯಿತು, ಚಾಪೆ ಹಾಸಿತ್ತು, ಮಕ್ಕಳು ಪೆಟ್ಟಿಗೆಗಳನ್ನು ಓದಿದರು.

ಕಡೆಗೆ ಮೇಲಿನ ಕಚೇರಿಯಿಂದ ಪತ್ರ ಬರುತ್ತದೆ. ಖರ್ಚಿಗೆ ತಕ್ಕ ಕಲಿಕೆ ಕಾಣುತ್ತಿಲ್ಲ. ದೊಡ್ಡ ಅನುದಾನ ಸದ್ಯಕ್ಕಿಲ್ಲ. ಓದು ಸಹಾಯಕಿಯ ಹುದ್ದೆ ಒಂದು ಅವಧಿ ಮುಂದುವರಿಯಲಿ, ಆಮೇಲೆ ಮಕ್ಕಳಿಗೆ ಮತ್ತೆ ಪರೀಕ್ಷೆ, ಅವರು ಕಂಡಿರದ ಪುಸ್ತಕದಲ್ಲಿ. ಪುಸ್ತಕಕ್ಕೆಂದು ಸ್ವಲ್ಪ ಹಣ ಇದೆ.

ಮೇಷ್ಟ್ರು ಸಾಮಾನು ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. “ಈ ಸಲ ಯಾವುದು ತರಿಸಲಮ್ಮ?”

“ಒಂದೊಂದೂ ಒಂದೊಂದು ಥರ ಇರಲಿ ಸರ್. ಒಂದರ ಹಾಗೆ ಇನ್ನೊಂದು ಬೇಡ.”

“ನಂಗದು, ನಂಗಿದು ಅಂತ ಕಿತ್ತಾಡ್ತವೆ ಅಂದಿದ್ದೆಯಲ್ಲ?”

ಓದಕ್ಕ ಚಾಪೆಯ ಮೇಲಿನ ನಲವತ್ತು ಆನೆಗಳನ್ನು ಒಟ್ಟು ಮಾಡಿ ಬದಿಗಿಡುತ್ತಾರೆ.

“ಕಿತ್ತಾಡಲಿ ಬಿಡಿ ಸರ್. ಪುಸ್ತಕಕ್ಕೋಸ್ಕರ ಇವು ಕಿತ್ತಾಡೋದನ್ನ ನಾನೊಂದು ಸಲ ನೋಡಬೇಕು.”